ಮೈಕ್ ಕೆಟ್ಟಿಲ್ಲ, ಮೊದಲು ವೈರ್ ನೋಡಿ

ಮಾನ್ಯ ಸಂಪಾದಕರೇ,

ರಾಜ್ಯೋತ್ಸವ, ಶಾಲಾ ವಾರ್ಷಿಕೋತ್ಸವಗಳು ಬಂತೆಂದರೆ ಶಾಲೆ, ಭಜನಾ ಮಂಡಳಿ, ಯುವಕ ಸಂಘಗಳ ಬೀರುವಿನಲ್ಲಿದ್ದ ಮೈಕ್ ಹೊರಬರುತ್ತದೆ. ಕಾರ್ಯಕ್ರಮದ ನಡುವೆ ಅದು ಕೈಕೊಟ್ಟರೆ ‘ಮೈಕ್ ಹೋಯಿತು’ ಎಂದು ಹೊಸದು ತರುತ್ತಾರೆ. ಆದರೆ ಹಾಡಿಗೆ, ಭಾಷಣಕ್ಕೆ ಬಳಸುವ ಡೈನಮಿಕ್ ಮೈಕ್ ಅಷ್ಟು ಬೇಗ ಕೆಡುವ ವಸ್ತುವಲ್ಲ. 1966ರಲ್ಲಿ ಬಂದ, ಶೂರ್ ಕಂಪನಿಯ ಎಸ್‌ಎಂ58 ಎಂಬ ಡೈನಮಿಕ್ ಮೈಕ್ ಇಂದಿಗೂ ವೇದಿಕೆಗಳ ಮೇಲಿದೆ. ಅಗ್ಗದ ಡೈನಮಿಕ್ ಮೈಕ್‌ಗಳಲ್ಲೂ ಇರುವುದು ಅದೇ ಏರ್ಪಾಡು: ತೆಳು ಪ್ಲಾಸ್ಟಿಕ್ ಪೊರೆ, ಅದಕ್ಕೆ ಅಂಟಿದ ತಂತಿಸುರುಳಿ, ಒಂದು ಅಯಸ್ಕಾಂತ. ಹೆಚ್ಚಾಗಿ ಹೋಗುವುದು ವೈರ್, ಅದರಲ್ಲೂ ಪ್ಲಗ್ಗಿನ ಕುತ್ತಿಗೆಯ ಬಳಿಯ ಬೆಸುಗೆ.

ಪರೀಕ್ಷೆ ಸುಲಭ. ಅದೇ ಮೈಕ್‌ಗೆ ಬೇರೆ ವೈರ್ ಹಾಕಿ ನೋಡಿ. ದನಿ ಬಂದರೆ ಮೈಕ್ ಸರಿಯಿದೆ. ಎರಡೂ ತುದಿಯಲ್ಲಿ ಎಕ್ಸ್‌ಎಲ್‌ಆರ್ ಪ್ಲಗ್ (ಮೂರು ಪಿನ್ನಿನ ದುಂಡನೆಯದು) ಇರುವ ವೈರಿನಲ್ಲಿ 1ನೇ ಪಿನ್ ಶೀಲ್ಡ್, ಅಂದರೆ ಒಳತಂತಿಗಳನ್ನು ಸುತ್ತಿರುವ ಲೋಹದ ಹೊದಿಕೆ. 2 ಮತ್ತು 3 ಸಿಗ್ನಲ್, ಅಂದರೆ ದನಿ ಹೊರುವ ತಂತಿಗಳು. ಮಲ್ಟಿಮೀಟರನ್ನು (ವಿದ್ಯುತ್ ಅಳೆಯುವ ಸಾಧನ) ತಂತಿ ಕೂಡಿದ್ದರೆ ಸದ್ದು ಮಾಡುವ ಬೀಪ್‌ಗೆ ಇಟ್ಟು 1ಕ್ಕೆ 1, 2ಕ್ಕೆ 2, 3ಕ್ಕೆ 3 ಮುಟ್ಟಿಸಿ, ಕುತ್ತಿಗೆಯನ್ನು ಮೆಲ್ಲಗೆ ಅಲುಗಿಸಿ. ಬೀಪ್ ತಡವರಿಸಿದ ಕಡೆಯೇ ದೋಷ. ಶೀಲ್ಡ್ ಬಿಟ್ಟಿದ್ದರೆ ಗುಂಯ್ ಎನ್ನುತ್ತದೆ; ಸಿಗ್ನಲ್ ತಂತಿ ಬಿಟ್ಟಿದ್ದರೆ ದನಿ ತೆಳ್ಳಗಾಗುತ್ತದೆ ಅಥವಾ ಬರುವುದೇ ಇಲ್ಲ. ಆಂಪ್ಲಿಫೈಯರ್ ಕಡೆ ದಪ್ಪ ಜ್ಯಾಕ್ ಪಿನ್ ಇರುವ ವೈರನ್ನು ಐದಾರು ಮೀಟರ್‌ಗೆ ಸೀಮಿತಗೊಳಿಸುವುದು ಮೇಲು. ಕರೆಂಟ್ ವೈರಿನ ಪಕ್ಕದಲ್ಲೇ ಮೈಕ್ ವೈರ್ ಎಳೆಯಬೇಡಿ, ದಾಟಿಸಲೇಬೇಕಾದರೆ ಅಡ್ಡಡ್ಡ ದಾಟಿಸಿ. ಬಿಚ್ಚುವಾಗ ಮೊದಲು ವಾಲ್ಯೂಮ್ ಇಳಿಸಿ, ಪ್ಲಗ್ ಹಿಡಿದು ಎಳೆಯಿರಿ. ಮೊಣಕೈಗೆ ಬಿಗಿಯಾಗಿ ಸುತ್ತಿದ ವೈರ್ ಒಳಗೊಳಗೇ ತಿರುಚಿಕೊಂಡು ಸಾಯುತ್ತದೆ. ವೈರ್ ತಾನಾಗಿಯೇ ಬಳುಕಿ ಬೀಳುವ ಸುತ್ತಿನಲ್ಲೇ ಸಡಿಲವಾಗಿ ಸುತ್ತಿಡಿ.

ಇನ್ನು ‘ಹಲೋ ಹಲೋ’ಗೆ ಮುಂಚೆ ಊದುವುದು, ತಟ್ಟುವುದು. ಊದಿದರೆ ಎಂಜಲಿನ ತೇವ ಒಳಗಿನ ಸ್ಪಂಜು ಸೇರುತ್ತದೆ, ಪೊರೆಗೂ ಪೆಟ್ಟು. ಮಾತಾಡಿ ನೋಡಿದರೆ ಸಾಕಲ್ಲವೇ? ತಲೆಯ ಜಾಲರಿ ತಿರುಪಿನದಾಗಿದ್ದರೆ ಅದನ್ನು ಬಿಚ್ಚಿ, ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಮೆತ್ತನೆ ಟೂತ್‌ಬ್ರಷ್‌ನಿಂದ ಉಜ್ಜಿ. ಸ್ಪಂಜನ್ನೂ ಅದರಲ್ಲೇ ಹಿಂಡಿ ತೊಳೆಯಬಹುದು. ನೆರಳಲ್ಲಿ ಒಂದು ದಿನ ಪೂರ್ತಿ ಒಣಗಿದ ಮೇಲೆಯೇ ಜೋಡಿಸಿ. ಮೈಕ್‌ನ ದೇಹಕ್ಕೆ ನೀರು ಸೋಕಬಾರದು. ಜಾಲರಿ ತೆಗೆದ ಮೈಕನ್ನು ವೆಲ್ಡಿಂಗ್ ನಡೆದ ನೆಲದ ಮೇಲಂತೂ ಇಡಬೇಡಿ. ಅಯಸ್ಕಾಂತಕ್ಕೆ ಕಬ್ಬಿಣದ ಪುಡಿ ಅಂಟಿದರೆ ಬಿಡಿಸುವುದು ಕಷ್ಟ.

ಕುಯ್ಯೆನ್ನುವ ಸದ್ದಿಗೆ ಮೈಕ್‌ಸೆಟ್‌ನವರನ್ನು ಬೈಯುವ ಮೊದಲು ಹಿಡಿದವರ ಕೈ ನೋಡಿ. ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿದರೆ ಹಿಂದಿನ ಗಾಳಿಕಂಡಿಗಳು ಮುಚ್ಚಿ, ಎದುರಿನ ದನಿಯನ್ನಷ್ಟೇ ಹೆಕ್ಕಿಕೊಳ್ಳುವ ಗುಣ ಹೋಗುತ್ತದೆ, ಸ್ಪೀಕರ್ ದನಿಯೂ ಒಳನುಗ್ಗುತ್ತದೆ. ಹಾಡುವವರು ಎರಡರಿಂದ ಐದು, ಮಾತಾಡುವವರು ಐದರಿಂದ ಹತ್ತು ಸೆಂಟಿಮೀಟರ್ ದೂರದಲ್ಲಿ ಹಿಡಿಯಲಿ. ಅಂತರ ದುಪ್ಪಟ್ಟಾದರೆ ಮೈಕ್ ಮುಟ್ಟುವ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಪ, ಫ, ಬ, ಭ ಉಚ್ಚರಿಸುವಾಗ ‘ಢಬ್’ ಎಂದರೆ ಮೈಕನ್ನು ಬಾಯಿಗೆ ಸ್ವಲ್ಪ ಓರೆಯಾಗಿಸಿ. ಸ್ಪೀಕರ್‌ಗಳು ಮೈಕ್‌ಗಿಂತ ಮುಂದೆ, ಸಭಿಕರ ಕಡೆ ಮುಖಮಾಡಿರಲಿ. ಮುಖ್ಯ ಅತಿಥಿಗಳು ಮೈಕನ್ನು ಎದೆಮಟ್ಟಕ್ಕಿಳಿಸಿ ಭಾಷಣ ಮಾಡುವುದು ಫೋಟೊಕ್ಕೆ ಚೆಂದ. ಹಿಂದಿನ ಸಾಲಿಗೆ ಏನೂ ಕೇಳಿಸುವುದಿಲ್ಲ.

ಕೊನೆಯದು ಜೀವದ ವಿಷಯ. ಮೈಕ್ ಮುಟ್ಟಿದಾಗ ಜುಮ್ಮೆಂದರೆ ಕರವಸ್ತ್ರ ಸುತ್ತಿ ಹಿಡಿಯುವವರಿದ್ದಾರೆ. ತಪ್ಪು ಸಾಮಾನ್ಯವಾಗಿ ಮೈಕ್‌ನದಲ್ಲ. ಆಂಪ್ಲಿಫೈಯರ್‌ಗೆ ಅರ್ಥ್ ಸಿಕ್ಕಿರುವುದಿಲ್ಲ, ಸೋರಿದ ಕರೆಂಟ್ ಶೀಲ್ಡ್ ಮೂಲಕ ಮೈಕ್‌ಗೆ ಬರುತ್ತದೆ. ಎರಡು ಪಿನ್ನಿನ ಪ್ಲಗ್, ಮುರಿದ ಅರ್ಥ್ ಪಿನ್, ಸಾಕೆಟ್‌ಗೆ ಬೆಂಕಿಕಡ್ಡಿಯಿಂದ ಸಿಕ್ಕಿಸಿದ ಬರೀ ವೈರ್ ಇದಕ್ಕೆ ಕಾರಣ. ಮಳೆಗೆ ಒದ್ದೆಯಾದ ನೆಲದಲ್ಲಿ ಬರಿಗಾಲಲ್ಲಿ ನಿಂತವರಿಗೆ ಇದು ಪ್ರಾಣಾಪಾಯ. ಜುಮ್ಮೆಂದ ತಕ್ಷಣ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಅರ್ಥ್ ಸರಿಯಾಗುವ ತನಕ ಆ ಮೈಕನ್ನು ಮಕ್ಕಳ ಕೈಗೆ ಕೊಡಕೂಡದು.

– ಮೈಕ್‌ಸೆಟ್ ನಿರ್ವಾಹಕ, ಸಾಗರ