ಓದಿ ಮುಚ್ಚಿಟ್ರೆ ಸಾಲದು

ಸಂಪಾದಕರೇ, ವ್ಯಕ್ತಿತ್ವ ವಿಕಸನದ ಪುಸ್ತಕಗಳಿಂದ ಏನೂ ಪ್ರಯೋಜನ ಇಲ್ಲ ಅನ್ನೋ ಮಾತು ನಾನು ಒಪ್ಪಲ್ಲ. ಮೊದಲು ನನಗೆ ಮೀಟಿಂಗಲ್ಲಿ ಉತ್ತರ ಗೊತ್ತಿದ್ರೂ ಮಾತು ಬರ್ತಿರಲಿಲ್ಲ, ಅಂಗೈ ಬೆವರೋದು, ನನ್ನ ಕೈಲಾಗಲ್ಲ ಅಂತ ಮನಸ್ಸಲ್ಲಿ ಕೂತುಬಿಟ್ಟಿತ್ತು, ಎಷ್ಟೋ ಪುಸ್ತಕ ಓದಿ ಅಂಡರ್‌ಲೈನ್ ಮಾಡ್ದೆ, ಎರಡು ದಿನ ಹುರುಪು ಆಮೇಲೆ ಮತ್ತದೇ ಕಥೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲೇ ಹೇಳಿದ್ರು, ನನ್ನಿಂದ ಆಗುತ್ತೆ ಅನ್ನೋ ನಂಬಿಕೆ ಬೇರೆಯವರ ಹುರಿದುಂಬಿಸೋ ಮಾತಿಗಿಂತ ನಾವೇ ಮಾಡಿ ಗೆದ್ದ ಅನುಭವದಿಂದ ಗಟ್ಟಿಯಾಗುತ್ತೆ ಅಂತ. ಇದು ತಿಳಿದ್ಮೇಲೆ ಓದಿದ್ರಲ್ಲಿ ಒಂದನ್ನಾದ್ರೂ ಮಾಡಿ ನೋಡದೆ ಮುಂದಿನ ಅಧ್ಯಾಯಕ್ಕೆ ಹೋಗಲ್ಲ. ಮೊದಲ ಸಲ ಮೀಟಿಂಗಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದೆ, ದನಿ ನಡುಗ್ತು, ಆದ್ರೂ ಪೂರ್ತಿ ಕೇಳಿದೆ. ಇಂಥ ಪುಸ್ತಕಗಳ ಪರಿಚಯ ಹಾಕುವಾಗ ಓದುಗರು ಮಾಡಿ ನೋಡಿದ್ದನ್ನೂ ದಯವಿಟ್ಟು ಬರೆಸಿ.

ಇಂತಿ, ಒಬ್ಬ ಓದುಗ