ಮೂರು ಪುಸ್ತಕ, ಒಂದೇ ದೇಶ

ಬಳ್ಳಾರಿ

ಪ್ರೀತಿಯ ತಂಗಿ,

ಆಟಕ್ಕೆಂದು ಬರೆದ ನಿನ್ನ ಸಾಹಸಕಥೆಯ ಕರಡು ಓದಿದೆ. ಊರು, ಸಂತೆ, ಜನ ಎಲ್ಲ ಕಣ್ಣಿಗೆ ಕಟ್ಟುತ್ತದೆ. ಆದರೆ ಎರಡನೇ ಅಧ್ಯಾಯದ ಅಂಚಿನ ತುಂಬ ಪ್ರಶ್ನೆಗಳೇ. ಹಲ್ರುವಾ ದೇಶ ಇದೆಯೋ ಇಲ್ಲವೋ, ಆಟದ ಪುಸ್ತಕದ ಯಾವ ಎಡಿಷನ್ ನಂಬಲಿ ಅಂತ ಕೇಳಿದ್ದೀಯ.

ಟೇಬಲ್ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಕಲ್ಪಿತ ಲೋಕ ಫರ್ಗಾಟನ್ ರೆಲ್ಮ್ಸ್. ಅದರಲ್ಲಿ ಆಡುವವರಿಗೆಲ್ಲ ಈ ತಲೆನೋವು ಇದ್ದದ್ದೇ. ಎಡ್ ಗ್ರೀನ್‌ವುಡ್ ಕಟ್ಟಿದ ಆ ಲೋಕ 1987ರಲ್ಲಿ ಬಾಕ್ಸ್ ಸೆಟ್ ಆಗಿ ಬಂತು. ಆಮೇಲೆ ಎಡಿಷನ್ ಬದಲಾದಾಗಲೆಲ್ಲ ಲೋಕವೂ ಬದಲಾಯಿತು. 2001ರ ಪುಸ್ತಕದಲ್ಲಿ ಹಲ್ರುವಾ ಮಾಂತ್ರಿಕರ ನಾಡು, ಆಕಾಶದಲ್ಲಿ ಹಡಗು ಹಾರುತ್ತವೆ. ಅಲ್ಲಿನ ಲೆಕ್ಕದಲ್ಲಿ ಅದು 1372ನೇ ವರ್ಷ. 2008ರ ಪುಸ್ತಕ ಸುಮಾರು ನೂರು ವರ್ಷ ಒಮ್ಮೆಗೇ ದಾಟಿಬಿಟ್ಟಿತು. 1385ರ ಸ್ಪೆಲ್‌ಪ್ಲೇಗ್ ಎಂಬ ಮಾಂತ್ರಿಕ ಅನಾಹುತದ ನೀಲಿ ಬೆಂಕಿಗೆ ಸಿಕ್ಕಿ ಹಲ್ರುವಾ ಹಾಳಾಯಿತು ಅಂದಿತು. ಎಷ್ಟೋ ಜನ ಆ ಪುಸ್ತಕ ಪಕ್ಕಕ್ಕಿಟ್ಟು ಹಳೆಯ ವರ್ಷದಲ್ಲೇ ಉಳಿದರು. ಅದನ್ನು ಹಠ ಅಂತ ನಾನು ಕರೆಯಲಾರೆ. ವರ್ಷಗಟ್ಟಲೆ ಆಡಿ ಬೆಳೆಸಿದ ಊರನ್ನು ಯಾರು ಬಿಟ್ಟುಕೊಡುತ್ತಾರೆ ಹೇಳು?

2015ರ ಪುಸ್ತಕ ಮಾಡಿದ್ದು ನೋಡು. ಹಿಂದಿನದು ಸುಳ್ಳು ಅನ್ನಲಿಲ್ಲ. ಹಲ್ರುವಾ ನಾಶವಾಯಿತು ಅಂತ ಜನ ತಿಳಿದಿದ್ದರು. ಆದರೆ ಅಲ್ಲಿನ ಮಾಂತ್ರಿಕರು ಅನಾಹುತವನ್ನು ಮೊದಲೇ ಕಂಡಿದ್ದರು. ಅದೇ ನೀಲಿ ಬೆಂಕಿಯ ಬಲದಿಂದ ನಾಡನ್ನು ಅವಳಿ ಲೋಕಕ್ಕೆ ಸರಿಸಿ ಉಳಿಸಿಕೊಂಡಿದ್ದರು, ಆಮೇಲೆ ಅದು ಮರಳಿ ಬಂತು. ಪುಸ್ತಕಗಳ ಜಗಳ ಹೀಗೆ ಆ ಲೋಕದ ಜನರೊಳಗಿನ ಜಗಳವಾಯಿತು. ನನಗೆ ತುಂಬ ಇಷ್ಟವಾದ ದಾರಿ ಇದು. ನೀನೂ ಇದನ್ನೇ ಹಿಡಿ.

ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. ಆನೆಗೊಂದಿ ಹತ್ತಿರದ ಅಂಜನಾದ್ರಿಯಲ್ಲೇ ಹನುಮಪ್ಪ ಹುಟ್ಟಿದ್ದು ಅಂತ ಕೇಳುತ್ತಲೇ ಬೆಳೆದೆವು. 2021ರಲ್ಲಿ ತಿರುಮಲ ತಿರುಪತಿ ದೇವಸ್ಥಾನದವರು ಅವರ ಕಡೆಯ ಅಂಜನಾದ್ರಿ ತೋರಿಸಿದರು. ತೀರ್ಪು ಕೊಡೋದು ನಮ್ಮ ಕೆಲಸವಲ್ಲ. ಈ ಬೆಟ್ಟದ ಭಕ್ತ, ಆ ಬೆಟ್ಟದ ಭಕ್ತ ಒಂದೇ ಬಸ್ಸಿನಲ್ಲಿ ಅಕ್ಕಪಕ್ಕ ಕೂತರೆ ಏನು ಮಾತಾಡುತ್ತಾರೆ ಅನ್ನೋದು ಬರೆಯುವವರಿಗೆ ಬೇಕು.

ಹಾಗಾಗಿ ಛತ್ರದ ದೃಶ್ಯ ತಿದ್ದು. ಈಗ ಛತ್ರದವನು ಸುಮ್ನೆ ಇತಿಹಾಸ ಪಾಠ ಒಪ್ಪಿಸುತ್ತಿದ್ದಾನೆ. ಅವನ ಬದಲು ಒಬ್ಬ ಮುದುಕ ವ್ಯಾಪಾರಿ, "ನಮ್ಮಜ್ಜ ಹಲ್ರುವಾದ ಬೂದಿ ತುಳಿದು ಬಂದವನು" ಅನ್ನಲಿ. ಅದೇ ಸಾಲಿನಲ್ಲಿ ಉಣ್ಣುತ್ತಿದ್ದ ಹುಡುಗಿ ಕೈ ತಡೆದು, "ನಾನು ಅಲ್ಲಿಂದಲೇ ಬಂದೆ" ಅನ್ನಲಿ. ಇಬ್ಬರೂ ತಮಗೆ ಗೊತ್ತಿದ್ದದ್ದನ್ನೇ ಹೇಳುತ್ತಿದ್ದಾರೆ. ಆಡುವವರು ಯಾರ ಬೆನ್ನು ಹತ್ತುತ್ತಾರೋ ಕಥೆ ಆ ಕಡೆ ಹೋಗಲಿ.

ಇನ್ನೊಂದು. ಆಟ ಶುರುವಾಗುವ ಮುಂಚೆಯೇ ವರ್ಷ ಹೇಳಿಬಿಡು. ನಿನ್ನ ಕಥೆಗೆ 1490 ಅಂತ ಇಟ್ಟುಕೋ. ಹಳೆಯ ಪುಸ್ತಕ ಮಾತ್ರ ಓದಿ ಆಸೆಯಿಂದ ಪಾತ್ರ ಕಟ್ಟಿಕೊಂಡು ಬಂದವರಿಗೆ ಆಟದ ನಡುವೆ "ಅದೆಲ್ಲ ಈಗ ಇಲ್ಲ" ಅಂದರೆ ನೋವಾಗುತ್ತದೆ, ಅಲ್ವಾ? ಆ ವರ್ಷದಿಂದ ಮುಂದಿನದು ನಿಮ್ಮ ಟೇಬಲ್ಲಿನದು. ಮುಂದೆ ಯಾವ ಪುಸ್ತಕ ಏನೇ ಅಚ್ಚು ಹಾಕಲಿ, ನೀವು ಆಡಿದ್ದನ್ನು ಅಳಿಸಬೇಡ. ಗ್ರೆಗ್ ಸ್ಟಾಫರ್ಡ್ ಕಟ್ಟಿದ, ಇಂಥದ್ದೇ ಇನ್ನೊಂದು ಆಟದ ಲೋಕವಾದ ಗ್ಲೊರಾಂಥಾದಲ್ಲಿ ಆಡುವವರು ಇದನ್ನು ಬಾಯಿಬಿಟ್ಟೇ ಹೇಳುತ್ತಾರೆ: ನಿಮ್ಮ ಗ್ಲೊರಾಂಥಾ ಬೇರೆಯಾಗಿಯೇ ಇರುತ್ತದೆ.

ತಿದ್ದಿದ ಅಧ್ಯಾಯ ಬೇಗ ಕಳಿಸು. ನಕ್ಷೆಯಲ್ಲಿ ಹಲ್ರುವಾ ಜಾಗ ಖಾಲಿ ಬಿಟ್ಟಿದ್ದೀಯಲ್ಲ, ಅಲ್ಲಿ ಹೆಸರು ಬರೆದೇ ಕಳಿಸು.

ನಿನ್ನ ಅಕ್ಕ