ಡೋವರ್ ದೀಪಸ್ತಂಭದ ಬುಡದವರೆಗೆ ಕರೆದೊಯ್ಯಲಿ

ಬ್ರಿಟನ್ನಿನ ಪ್ರವಾಸೋದ್ಯಮದ ಹೊಣೆ ಹೊತ್ತ ಮಾನ್ಯ ಸಚಿವರೇ,

ಪ್ರವಾಸ ಕಂಪನಿಯೊಂದಕ್ಕೆ ಎರಡು ವರ್ಷಗಳಲ್ಲಿ ಮೂರು ಪತ್ರ ಬರೆದೆ. ‘ತಲುಪಿದೆ’ ಎಂಬ ಒಂದು ಸಾಲಿನ ಹೊರತು ಉತ್ತರವಿಲ್ಲ. ಇನ್ನು ನಿಮಗಲ್ಲದೆ ಯಾರಿಗೆ ಬರೆಯಲಿ?

ನನ್ನ ಅಪ್ಪ ನಲವತ್ತು ವರ್ಷ ಗಾರೆ ಕೆಲಸ ಮಾಡಿದವರು. ಡೋವರ್ ಕೋಟೆಯ ರೋಮನ್ ದೀಪಸ್ತಂಭದ ಚಿತ್ರವನ್ನು ನನ್ನ ಮೊಬೈಲಿನಲ್ಲಿ ನೋಡಿ, ಇಂಗ್ಲೆಂಡಿಗೆ ಬಂದಾಗ ಅದೊಂದನ್ನೇ ಕೇಳಿದರು. ಆ ಗೋಡೆಯನ್ನು ಕೈಯಾರೆ ಮುಟ್ಟಬೇಕು ಎಂದರು. ಮೂರು ದಿನದ ಪ್ಯಾಕೇಜ್ ಪ್ರವಾಸದ ಕರಪತ್ರದಲ್ಲಿ ದೀಪಸ್ತಂಭದ ಹೆಸರಿತ್ತು. ಹಣ ಕಟ್ಟಿದೆ.

ಮಾರ್ಗದರ್ಶಿ ನಮ್ಮನ್ನು ಎರಡನೇ ಹೆನ್ರಿಯ ಮಹಾಗೋಪುರ, ಯುದ್ಧಕಾಲದ ಸುರಂಗ ಎಂದು ಸುತ್ತಾಡಿಸಿದ. ದೀಪಸ್ತಂಭ ಎಲ್ಲಿ ಎಂದು ಕೇಳಿದರೆ, ‘ಅದು ಚರ್ಚಿನ ಹಳೆಯ ಗಂಟೆಗೋಪುರ, ನೋಡಲು ಏನೂ ಇಲ್ಲ, ಬಸ್ ಹೊರಡುತ್ತದೆ’ ಎಂದ. ಅಪ್ಪ ಗಾಲಿಕುರ್ಚಿಯಲ್ಲೇ ಕುತ್ತಿಗೆ ಎತ್ತಿ ದೂರದಿಂದ ಕೆಂಪು ಗೆರೆಗಳನ್ನು ಎಣಿಸುತ್ತಿದ್ದರು. ‘ಚಕಮಕಿ ಕಲ್ಲಿನ ನಡುವೆ ಇಟ್ಟಿಗೆ ವರಸೆ ಕೊಟ್ಟಿದ್ದಾರೆ ನೋಡು, ಗೋಡೆ ಬಿರಿಯದ ಹಾಗೆ’ ಎಂದರು. ನಾನು ಕುರ್ಚಿಯನ್ನು ಬಸ್ಸಿನ ಕಡೆಗೆ ತಿರುಗಿಸಿದೆ. ಕಳೆದ ಚಳಿಗಾಲದಲ್ಲಿ ಅಪ್ಪ ತೀರಿಕೊಂಡರು.

ಏನೂ ಇಲ್ಲವೇ? ಡುಬ್ರಿಸ್, ಅಂದರೆ ರೋಮನ್ನರ ಕಾಲದ ಡೋವರ್, ಬಂದರಿಗೆ ಬರುವ ಹಡಗುಗಳಿಗೆ ಬೆಂಕಿಯ ಗುರುತು ತೋರಿಸಲು ರೋಮನ್ನರು ಕಟ್ಟಿದ ಸ್ತಂಭವದು. ಹೊರಗೆ ಎಂಟು ಮೂಲೆ, ಒಳಗೆ ಚೌಕ. ಸುಮಾರು 13 ಮೀಟರ್ ಎತ್ತರದವರೆಗೆ ಅವರದೇ ಕೆಲಸ. ಮೇಲಿನದು 15ನೇ ಶತಮಾನದ್ದು. ಕ್ರಿ.ಶ. 1000ದ ಸುಮಾರಿಗೆ ಪಕ್ಕದಲ್ಲಿ ಸೇಂಟ್ ಮೇರಿ ಚರ್ಚು ಎದ್ದಾಗ ಸ್ತಂಭಕ್ಕೆ ಎಂಟು ಶತಮಾನ ದಾಟಿತ್ತು. ಮುಂದೆ ಅಲ್ಲಿ ಚರ್ಚಿನ ಗಂಟೆ ತೂಗಿದ್ದು ನಿಜ. ಆ ಬಳಕೆಯೇ ಅದನ್ನು ಉಳಿಸಿತು ಎಂದು ನಾನು ನಂಬಿದ್ದೇನೆ. ಬಂದರಿನ ಆಚೆ ಗುಡ್ಡದ ಮೇಲಿದ್ದ ಇದರ ಜೋಡಿ ಸ್ತಂಭದಲ್ಲಿ ಇಂದು ಕಲ್ಲುಗಾರೆಯ ಗಡ್ಡೆಗಳಷ್ಟೇ ಉಳಿದಿವೆ.

ಪ್ಯಾಕೇಜಿನಲ್ಲಿ ಮಾರಿದ್ದನ್ನು ಒದಗಿಸಲೇಬೇಕು ಎಂಬ ನಿಯಮ ನಿಮಗೆ ಗೊತ್ತೇ ಇದೆ. ಅದನ್ನು ಪಾಲಿಸುವಂತೆ ಮಾಡಿ. ದೀಪಸ್ತಂಭ ಎಂದು ಬರೆದು ಹಣ ಪಡೆದವರು ದೀಪಸ್ತಂಭದ ಬುಡದವರೆಗೆ ಕರೆದೊಯ್ಯಬೇಕು. ಗಾಲಿಕುರ್ಚಿಯಲ್ಲಿ ಬಂದವರಿಗೂ ಸಮಯ ಕೊಡಬೇಕು. ನನ್ನ ಹಣ ನನಗೆ ವಾಪಸು ಬೇಡ, ಕ್ಷಮೆಯೂ ಬೇಡ. ಬುಡದವರೆಗೆ ಕರೆದೊಯ್ಯಬೇಕು, ಗೋಡೆಯ ಹತ್ತಿರ ನಿಲ್ಲಲು ಬಿಡಬೇಕು.

ಇಂತಿ,
ಗಾರೆ ಮೇಸ್ತ್ರಿಯೊಬ್ಬರ ಮಗ